ಎಂಜಿನ್ನಿನ ಬಡಿತ: ಅದರ ಪರೀಕ್ಷೆ ಮತ್ತು ಪರಿಹಾರ

ಎತ್ತು ಕುಂಟಿದರೆ ರೈತನು ಕೂಡಲೆ ನೊಗವನ್ನಿಳಿಸಿ ಗೊರಸನ್ನೆತ್ತಿ ನೋಡುವನು; ಮುಳ್ಳು ಚುಚ್ಚಿದೆಯೋ, ಗೊರಸು ಸೀಳಿದೆಯೋ, ಲಾಳ ಸಡಿಲವಾಗಿದೆಯೋ ಎಂಬುದನ್ನು ತಿಳಿಯದೆ ಅದನ್ನು ಮತ್ತೆ ಹೂಡುವುದಿಲ್ಲ. ಆದರೆ ಅದೇ ರೈತನ ಟ್ರ್ಯಾಕ್ಟರಿನ ಅಥವಾ ಪಂಪಿನ ಎಂಜಿನ್ನು ಟಕ್ ಟಕ್ ಎಂದು ಬಡಿಯಲಾರಂಭಿಸಿದರೆ, ಇನ್ನು ನಾಲ್ಕು ಮಡಿಗೆ ನೀರು ಹಾಯಲಿ, ಇನ್ನೆರಡು ಎಕರೆ ಉಳುಮೆ ಮುಗಿಯಲಿ, ಆಮೇಲೆ ನೋಡೋಣವೆಂದು ಅದನ್ನು ಓಡಿಸುತ್ತಲೇ ಇರುವುದು ಸಾಮಾನ್ಯವಾಗಿ ಕಂಡುಬರುವ ವಾಡಿಕೆ. ಬೆಳೆ ಬಾಡುತ್ತಿರುವಾಗ ಎಂಜಿನ್ನನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬಾರದೆಂಬುದು ನಿಜ. ಆದರೂ ಕೆಲವು ಬಗೆಯ ಬಡಿತಗಳಲ್ಲಿ ಹೀಗೆ ಗಳಿಸಿದ ಒಂದು ರಾತ್ರಿಯ ನೀರಿಗೆ ಇಡೀ ಎಂಜಿನ್ನನ್ನೇ ಬೆಲೆಯಾಗಿ ತೆರಬೇಕಾಗುವುದು. ಮತ್ತೆ ಕೆಲವು ಬಗೆಯವುಗಳಲ್ಲಿ ಒಂದು ಬೆಣೆಯನ್ನು ಬಿಗಿದಿದ್ದರೆ ಸಾಕಾಗಿದ್ದಲ್ಲಿ, ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿಸಿ ಹಣವನ್ನು ವ್ಯರ್ಥವಾಗಿ ಕಳೆದುಕೊಳ್ಳುವುದೂ ಉಂಟು. ಈ ಎರಡು ನಷ್ಟಗಳನ್ನೂ ತಪ್ಪಿಸಿಕೊಳ್ಳಬೇಕಾದರೆ ಬಡಿತವು ಯಾವ ಜಾತಿಯದೆಂದು ಗುರುತಿಸುವ ಕ್ರಮವನ್ನು ಎಂಜಿನ್ನಿನ ಒಡೆಯನೇ ಅರಿತಿರತಕ್ಕದ್ದು. ದುರಸ್ತಿಯ ಕೆಲಸವನ್ನು ಮೆಕ್ಯಾನಿಕ್ಕನು ಮಾಡಲಿ. ರೋಗವಾವುದೆಂದು ಕೇಳುವ ಕಿವಿ ಮಾತ್ರ ಒಡೆಯನಿಗಿರಬೇಕು.

ಈ ಲೇಖನದಲ್ಲಿ ಮುಖ್ಯವಾಗಿ ಬಾವಿಯ ಬಳಿಯ ಸಣ್ಣ ಡೀಸೆಲ್ ಎಂಜಿನ್ನನ್ನೂ ಟ್ರ್ಯಾಕ್ಟರನ್ನೂ ಕುರಿತು ಹೇಳಿದೆ. ಈಗ ಅನೇಕ ರೈತರ ಮನೆಗಳಲ್ಲಿ ಕಾರು, ಜೀಪುಗಳೂ ಇರುವುದರಿಂದ ಅವುಗಳಿಗೆ ಸಲ್ಲುವ ಸಂಗತಿಗಳನ್ನೂ ಅಲ್ಲಲ್ಲಿ ಸೇರಿಸಿದೆ.

ಬಡಿತದಲ್ಲಿ ಎರಡು ಜಾತಿ

ಮೆಕ್ಯಾನಿಕ್ಕರು ಎಲ್ಲ ಬಗೆಯ ಬಡಿತವನ್ನೂ ನಾಕಿಂಗ್ ಎಂಬ ಒಂದೇ ಹೆಸರಿನಿಂದ ಕರೆಯುವರು. ವಾಸ್ತವವಾಗಿ ಇದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜಾತಿಗಳಿವೆ. ಒಂದು, ಸಿಲಿಂಡರಿನೊಳಗೆ ಎಣ್ಣೆ ಉರಿಯಬೇಕಾದ ರೀತಿಯಲ್ಲಿ ಉರಿಯದೆ ಸಿಡಿಯುವುದರಿಂದ ಹುಟ್ಟುವ ದಹನದ ಬಡಿತ. ಇನ್ನೊಂದು, ಲೋಹದ ಭಾಗಗಳು ಸವೆದು ಅಥವಾ ಸಡಿಲವಾಗಿ ಒಂದನ್ನೊಂದು ಕುಟ್ಟುವುದರಿಂದ ಹುಟ್ಟುವ ಸಡಿಲಿನ ಬಡಿತ. ಮೊದಲನೆಯದಕ್ಕೆ ಚಿಕಿತ್ಸೆ ಬಹುಮಟ್ಟಿಗೆ ಎಂಜಿನ್ನಿನ ಹೊರಗೇ ಇದೆ. ಎರಡನೆಯದಕ್ಕೆ ಅನೇಕ ವೇಳೆ ಎಂಜಿನ್ನನ್ನು ಬಿಚ್ಚಲೇಬೇಕು. ಮೊದಲನೆಯದನ್ನು ಬಹುಕಾಲ ಅಲಕ್ಷ್ಯ ಮಾಡಿದರೆ ಅದು ಎರಡನೆಯದನ್ನು ಹುಟ್ಟಿಸುವುದೆಂಬುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತು ಸಿಲಿಂಡರಿನೊಳಕ್ಕೆ ಬಂದು ಅದುಮಲ್ಪಡುವುವು. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿಯು, ಒಣಹುಲ್ಲಿನ ಬಯಲಿನಲ್ಲಿ ಬೆಂಕಿ ಹರಿಯುವಂತೆ, ಒಂದು ಕಡೆಯಿಂದ ಮತ್ತೊಂದು ಕಡೆಗೆ ಕ್ರಮವಾಗಿ ಹರಿಯಬೇಕು. ಆದರೆ ಒತ್ತಡವೂ ಕಾವೂ ಮಿತಿಮೀರಿದಾಗ, ಉರಿಯು ತಲಪುವುದಕ್ಕೆ ಮೊದಲೇ ಮೂಲೆಯಲ್ಲಿ ಉಳಿದಿದ್ದ ಆವಿಯೆಲ್ಲ ತಾನಾಗಿ ಒಮ್ಮೆಲೇ ಸಿಡಿಯುವುದು. ತಗಡಿನ ಡಬ್ಬಿಯಲ್ಲಿ ಕಲ್ಲಿನ ಹರಳುಗಳನ್ನು ಹಾಕಿ ಅಲ್ಲಾಡಿಸಿದಂತೆ ಕೇಳುವ ಸಪ್ಪಳ ಇದೇ. ದಿಣ್ಣೆಯೇರುವಾಗ, ಅದರಲ್ಲಿಯೂ ಮೇಲಿನ ಗೇರಿನಲ್ಲಿಯೇ ಎಳೆಸುವಾಗ ಇದು ಕೇಳಿಬಂದು, ಕಾಲನ್ನು ಸಡಿಲಿಸಿದೊಡನೆ ನಿಲ್ಲುವುದು. ಗೇರನ್ನು ಇಳಿಸಿದ ಕೂಡಲೆ ಸಪ್ಪಳ ಹೋದರೆ ದೋಷವು ಚಾಲಕನ ಅಭ್ಯಾಸದಲ್ಲಿದೆಯೆಂದು ತಿಳಿಯಬಹುದು. ಹಾಗೆ ಹೋಗದಿದ್ದರೆ ನೀರು ಕಾದು ಎಂಜಿನ್ನು ಬಿಸಿಯೇರಿದೆಯೇ, ಕಿಡಿಯು ಹೊತ್ತಿಗೆ ಮುಂಚೆ ಬೀಳುತ್ತಿದೆಯೇ, ಒಳಗೆ ಮಸಿ ಕಟ್ಟಿದೆಯೇ, ಪೆಟ್ರೋಲು ಕಡಮೆಯಾಗಿ ಗಾಳಿ ಹೆಚ್ಚಾಗಿದೆಯೇ, ಪ್ಲಗ್ಗುಗಳು ಆ ಎಂಜಿನ್ನಿಗೆ ಹೇಳಿದ ಜಾತಿಯವೇ ಎಂದು ಕ್ರಮವಾಗಿ ನೋಡತಕ್ಕದ್ದು. ಈಚಿನ ಕಾರುಗಳಲ್ಲಿ ಬಡಿತವನ್ನು ಅರಿಯುವ ಒಂದು ಸಣ್ಣ ಸಾಧನವನ್ನು ಎಂಜಿನ್ನಿನ ಬ್ಲಾಕಿಗೆ ಜೋಡಿಸಿರುವರು. ಅದು ಅದುರನ್ನು ಗ್ರಹಿಸಿ ಸುದ್ದಿ ಕೊಟ್ಟೊಡನೆ ಕಿಡಿಯ ಕಾಲವು ತಾನಾಗಿ ಹಿಂದೆ ಸರಿಯುವುದು. ಆ ಸಾಧನ ಕೆಟ್ಟರೆ ಮುಂದಿನ ಹಲಗೆಯ ಮೇಲೆ ಎಂಜಿನ್ನಿನ ಗುರುತಿನ ದೀಪ ಸಾಮಾನ್ಯವಾಗಿ ಹೊತ್ತಿಕೊಳ್ಳುವುದು.

ಪೆಟ್ರೋಲು ಎಷ್ಟರಮಟ್ಟಿಗೆ ಸಿಡಿಯದೆ ತಡೆಯಬಲ್ಲದೆಂಬುದನ್ನು ಆಕ್ಟೇನ್ ಎಂಬ ಅಂಕದಿಂದ ಅಳೆಯುವರು. ಈ ಅಂಕವನ್ನು ಏರಿಸುವುದಕ್ಕಾಗಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಥಾಮಸ್ ಮಿಜ್ಲಿ ಎಂಬವರು ೧೯೨೧ರಲ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುವ ಉಪಾಯವನ್ನು ಕಂಡುಹಿಡಿದರು. ಬಡಿತವೇನೋ ನಿಂತಿತು, ಆದರೆ ಹೊಗೆಯೊಡನೆ ಹೊರಬಿದ್ದ ಸೀಸವು ಊರೂರುಗಳ ಗಾಳಿಯಲ್ಲಿ ಸೇರಿ ಮಕ್ಕಳ ಬುದ್ಧಿಬೆಳವಣಿಗೆಗೂ ಕುತ್ತಾಯಿತು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ೨೦೦೦ದಲ್ಲಿ ನಿಂತಿತು. ಪ್ರಪಂಚದಲ್ಲಿ ಕಟ್ಟಕಡೆಗೆ ಅದನ್ನು ಬಿಟ್ಟ ದೇಶವಾದ ಅಲ್ಜೀರಿಯಾದಲ್ಲಿ ೨೦೨೧ರಲ್ಲಿ ನಿಂತಿತು. ಈಗ ಅದೇ ಕಾರ್ಯವನ್ನು ಎಥನಾಲ್ ಎಂಬ ಸಾರವು ಒಂದು ಮಟ್ಟಿಗೆ ಮಾಡುತ್ತಿದೆ. ೨೦೨೫ರಿಂದ ನಮ್ಮ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತಿರುವುದು ನೂರಕ್ಕೆ ೨೦ ಪಾಲಿನವರೆಗೆ ಎಥನಾಲ್ ಸೇರಿದ ಪೆಟ್ರೋಲು. ಕಬ್ಬಿನ ಕಾಕಂಬಿಯಿಂದಲೂ ಮೆಕ್ಕೆಜೋಳದಿಂದಲೂ ತೆಗೆದ ಈ ಸಾರಕ್ಕೆ ಬಡಿತವನ್ನು ತಡೆಯುವ ಗುಣ ಸ್ವಭಾವಸಿದ್ಧವಾಗಿದೆ. ಕಬ್ಬಿನ ಬೆಳೆಗಾರನ ಕಾರು ಬಡಿಯದಿರುವುದಕ್ಕೆ ಅವನ ಗದ್ದೆಯ ಬೆಳೆಯೂ ಒಂದು ಕಾರಣವಾಗಿರಬಹುದೆಂಬುದು ಸ್ವಾರಸ್ಯವಾದ ಸಂಗತಿ. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದಾದುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ವಾಹನದ ತೊಟ್ಟಿಯಲ್ಲಿ ಅದನ್ನು ಹಳೆಯದಾಗಲು ಬಿಡುವುದು ವಿಹಿತವಲ್ಲ.

ಡೀಸೆಲ್ಲಿನ ಸ್ವಭಾವ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಬರಿಯ ಗಾಳಿಯನ್ನು ಅದರ ಮೊದಲಿನ ಗಾತ್ರದ ಹದಿನಾರನೆಯ ಒಂದು ಪಾಲಿಗೂ ಕಡಮೆಯಾಗುವಂತೆ ಅದುಮಿದಾಗ ಅದು ಕಾದು ಉರಿಯೇಳಿಸುವಷ್ಟು ಬಿಸಿಯಾಗುವುದು. ಆ ಹೊತ್ತಿಗೆ ನಾಜಲಿನಿಂದ ಡೀಸೆಲ್ಲು ತುಂತುರಾಗಿ ಸಿಂಪಡಿಸಲ್ಪಟ್ಟು ತಾನಾಗಿ ಹೊತ್ತಿಕೊಳ್ಳುವುದು. ಸಿಂಪಡಿಸಿದ ಗಳಿಗೆಗೂ ಹೊತ್ತಿದ ಗಳಿಗೆಗೂ ನಡುವೆ ಅತ್ಯಲ್ಪವಾದ ಒಂದು ತಡೆ ಇದ್ದೇ ಇರುವುದು. ಆ ತಡೆ ಹೆಚ್ಚಿದರೆ, ಅಷ್ಟರಲ್ಲಿ ಒಳಗೆ ಕೂಡಿದ ಡೀಸೆಲ್ಲೆಲ್ಲ ಒಮ್ಮೆಗೇ ಹೊತ್ತಿ ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದಂತಾಗುವುದು. ಆದುದರಿಂದ ಡೀಸೆಲ್ ಎಂಜಿನ್ನಿಗೆ ಸ್ವಲ್ಪ ಬಡಿತ ಹುಟ್ಟುಗುಣವೇ ಸರಿ. ಚಳಿಯ ಬೆಳಗಿನಲ್ಲಿ ಚಾಲೂ ಮಾಡಿದಾಗ ಜೋರಾಗಿ ಬಡಿದು, ಕಾವು ಹತ್ತಿದಂತೆಲ್ಲ ತಗ್ಗಿದರೆ ಅದಕ್ಕಾಗಿ ಚಿಂತಿಸಬೇಕಾದುದಿಲ್ಲ. ತನ್ನ ಎಂಜಿನ್ನು ಆರೋಗ್ಯವಾಗಿರುವಾಗ ಹೇಗೆ ಸದ್ದುಮಾಡುವುದೆಂಬುದನ್ನು ಒಡೆಯನು ಮೊದಲೇ ಕೇಳಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಇದಕ್ಕಾಗಿಯೇ ಅವಶ್ಯಕ.

ಕಾವು ಹತ್ತಿದ ಮೇಲೂ ಬಡಿತ ಉಳಿದರೆ ಕಾರಣಗಳನ್ನು ಹುಡುಕತಕ್ಕದ್ದು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆತಿರಬಹುದು. ಇದು ಹೊತ್ತುವುದಕ್ಕೆ ತಡಮಾಡುವುದಷ್ಟೇ ಅಲ್ಲದೆ, ಡೀಸೆಲ್ಲಿನ ಜಿಡ್ಡಿನಿಂದಲೇ ನುಣುಪಾಗಿ ನಡೆಯಬೇಕಾದ ಪಂಪನ್ನೂ ಸವೆಸುವುದು. ಎರಡನೆಯದಾಗಿ, ಯಾರಾದರೂ ಪಂಪನ್ನು ಬಿಚ್ಚಿ ಜೋಡಿಸುವಾಗ ಸಿಂಪಡಿಸುವ ಕಾಲವನ್ನು ಮುಂದಕ್ಕೆ ಮಾಡಿರಬಹುದು. ಮೂರನೆಯದು ಮತ್ತು ಅತಿ ಸಾಮಾನ್ಯವಾದುದು, ನಾಜಲಿನ ದೋಷ. ನಾಜಲಿನ ಸೂಜಿ ಅಂಟಿಕೊಂಡು ತುಂತುರಿನ ಬದಲಾಗಿ ಹನಿಹನಿಯಾಗಿ ತೊಟ್ಟಿಕ್ಕಿದರೆ, ಆ ಒಂದು ಸಿಲಿಂಡರು ಮಾತ್ರ ಬಡಿಯುವುದು. ಹೊಗೆಯೂ ಕಪ್ಪಾಗಿಯೋ ಬೆಳ್ಳಗಾಗಿಯೋ ಬರುವುದು. ಈ ಬಡಿತವನ್ನು ಬೇರಿಂಗಿನ ಬಡಿತವೆಂದು ತಪ್ಪಾಗಿ ಭಾವಿಸಿ ಎಂಜಿನ್ನನ್ನು ಬಿಚ್ಚುವುದು ಬಹಳ ಕಡೆ ನಡೆಯುವುದರಿಂದ ಇದನ್ನು ಮುಂದೆ ವಿವರವಾಗಿ ಹೇಳಲಾಗುವುದು.

ಸಡಿಲಿನ ಬಡಿತಗಳು

ಕೊರಡು ಕುಟ್ಟಿದಂತೆ, ಸುತ್ತಿಗೆಯಿಂದ ತಟ್ಟಿದಂತೆ, ಹೊಲಿಗೆಯ ಯಂತ್ರ ಓಡಿದಂತೆ ಎಂದು ನಾನಾ ವಿಧವಾಗಿ ಕೇಳಿಸುವ ಈ ಸದ್ದುಗಳಲ್ಲಿ ಅತ್ಯಂತ ಸಾಧುವಾದುದು ಟ್ಯಾಪೆಟ್ಟಿನದು. ವಾಲ್ವಿಗೂ ಅದನ್ನು ತಟ್ಟುವ ರಾಕರಿಗೂ ನಡುವೆ ಮಿಲಿಮೀಟರಿನ ಮೂರು ನಾಲ್ಕು ಹತ್ತನೆಯ ಪಾಲಿನಷ್ಟು ಸಂದು ಇರತಕ್ಕದ್ದು. ನಿಜವಾದ ಅಳತೆಯನ್ನು ಆಯಾ ಎಂಜಿನ್ನಿನ ಪುಸ್ತಕದಲ್ಲಿ ಕೊಟ್ಟಿರುವರು. ಸಂದು ಹೆಚ್ಚಿದರೆ ಚಿಟಿಚಿಟಿ ಎಂಬ ತೆಳುವಾದ ಸದ್ದು ಎಂಜಿನ್ನಿನ ನೆತ್ತಿಯಿಂದ ಕೇಳುವುದು. ಸದ್ದು ಕೇಳಿಸದಿರಲೆಂದು ಅದನ್ನು ಹೇಳಿದ್ದಕ್ಕಿಂತ ಬಿಗಿ ಮಾಡುವವರೂ ಇದ್ದಾರೆ. ಇದು ದೊಡ್ಡ ತಪ್ಪು. ಹಾಗೆ ಮಾಡಿದರೆ ವಾಲ್ವು ಪೂರ್ತಿಯಾಗಿ ಮುಚ್ಚಿಕೊಳ್ಳದೆ ಸುಟ್ಟುಹೋಗುವುದು.

ಪಿಸ್ಟನ್ನು ಸವೆದು ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದು ತಣ್ಣಗಿರುವಾಗ ಹೆಚ್ಚು, ಕಾದ ಮೇಲೆ ಕಡಮೆ. ಇದರೊಡನೆ ನೀಲಿ ಹೊಗೆಯೂ ಎಂಜಿನ್ ಎಣ್ಣೆಯ ಖರ್ಚೂ ಇದ್ದರೆ ಬೋರ್ ಹೊಡೆಸುವ ಕಾಲ ಹತ್ತಿರ ಬಂದಿದೆಯೆಂದು ಅರ್ಥ. ಆದರೆ ಇದು ನಿಧಾನವಾದ ರೋಗ. ಸುಗ್ಗಿ ಮುಗಿಯುವವರೆಗೆ ಸಾಮಾನ್ಯವಾಗಿ ತಡೆಯುವುದು. ಪಿಸ್ಟನ್ನನ್ನೂ ಕೂಡುದಂಡವನ್ನೂ ಸೇರಿಸುವ ಗಜನ್ ಪಿನ್ನು ಸಡಿಲವಾದರೆ, ಎಂಜಿನ್ನು ನಿಧಾನವಾಗಿ ಓಡುವಾಗ ಗಂಟೆಯ ಮೇಲೆ ತಟ್ಟಿದಂತೆ ತೀಕ್ಷ್ಣವಾದ, ಕೆಲವು ವೇಳೆ ಜೋಡಿಯಾದ ಸದ್ದು ಕೇಳುವುದು.

ಕೂಡುದಂಡದ ಕೆಳತುದಿಯು ಕ್ರ್ಯಾಂಕನ್ನು ಹಿಡಿದಿರುವೆಡೆಯಲ್ಲಿ ಇರುವ ಬಿಗ್ ಎಂಡ್ ಬೇರಿಂಗು ಸವೆದಾಗ ಬರುವ ಬಡಿತವೇ ಎಲ್ಲಕ್ಕಿಂತಲೂ ಅಪಾಯಕರವಾದುದು. ಈ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರತಕ್ಕ ಸಂದು ಒಂದು ಕೂದಲೆಳೆಯ ದಪ್ಪದ ಆಸುಪಾಸಿನದು. ಆ ಸಂದಿನಲ್ಲಿ ಎಣ್ಣೆಯ ಪೊರೆಯೊಂದು ನಿಂತು ಲೋಹಕ್ಕೆ ಲೋಹ ತಗುಲದಂತೆ ಕಾಯುತ್ತಿರುವುದು. ಸಂದು ಹಿಗ್ಗಿದರೆ ಎಣ್ಣೆ ಸೋರಿಹೋಗಿ ಪೊರೆ ಹರಿಯುವುದು, ಪ್ರತಿಯೊಂದು ಉರಿತಕ್ಕೂ ದಂಡವು ಕ್ರ್ಯಾಂಕನ್ನು ಕುಟ್ಟುವುದು, ಕುಟ್ಟಿದಷ್ಟೂ ಸಂದು ಮತ್ತೂ ಹಿಗ್ಗುವುದು. ನಿಮಿಷಕ್ಕೆ ೬೫೦ ಸುತ್ತು ತಿರುಗುವ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಉರಿತದಂತೆ ನಿಮಿಷಕ್ಕೆ ೩೨೫ ಪೆಟ್ಟುಗಳಾದುವು; ಗಂಟೆಗೆ ೧೯,೫೦೦; ಎಂಟು ಗಂಟೆಗಳ ಒಂದು ರಾತ್ರಿಗೆ ೧,೫೬,೦೦೦. ಸಂಜೆ ಸಣ್ಣದಾಗಿ ಬಡಿಯುತ್ತಿದ್ದ ಎಂಜಿನ್ನು ಬೆಳಗಾಗುವುದರೊಳಗೆ ಬೋಲ್ಟು ಮುರಿದು, ಕೂಡುದಂಡವು ಬ್ಲಾಕಿನ ಗೋಡೆಯನ್ನೇ ಸೀಳಿಕೊಂಡು ಹೊರಬಂದಿರುವುದು ಹೇಗೆಂದು ಆಶ್ಚರ್ಯಪಡುವವರು ಈ ಲೆಕ್ಕವನ್ನು ನೋಡಬಹುದು. ಬೇರಿಂಗಿನ ಹಂತದಲ್ಲಿಯೇ ನಿಲ್ಲಿಸಿದರೆ ಹೋಗುವುದು ಬೇರಿಂಗು ಮಾತ್ರ. ಕ್ರ್ಯಾಂಕು ಗೀರಿದ ಮೇಲೆ ನಿಲ್ಲಿಸಿದರೆ ಗ್ರೈಂಡಿಂಗಿನ ಖರ್ಚು. ದಂಡವು ಹೊರಬಂದ ಮೇಲೆ ಉಳಿಯುವುದು ಗುಜರಿಯವನ ತಕ್ಕಡಿ.

ಈ ಬಡಿತವು ಗಡಸಾಗಿ, ಎಂಜಿನ್ನಿನ ನಡುವಿನಿಂದ ಬರುವಂತೆ ಕೇಳುವುದು. ಮಧ್ಯಮ ವೇಗದಲ್ಲಿ ಹೊರೆಯಿಲ್ಲದೆ ಓಡಿಸಿ ಥ್ರಾಟಲನ್ನು ಥಟ್ಟನೆ ಬಿಟ್ಟಾಗ ಇದು ಸ್ಪಷ್ಟವಾಗುವುದು. ಕ್ರ್ಯಾಂಕನ್ನೇ ಹೊತ್ತಿರುವ ಮೇನ್ ಬೇರಿಂಗುಗಳ ಬಡಿತವಾದರೋ ಇನ್ನೂ ಮಂದವಾದುದು, ನೆಲದಡಿಯಲ್ಲಿ ಒನಕೆಯ ಪೆಟ್ಟು ಬಿದ್ದಂತೆ. ಭಾರವಾಗಿ ಎಳೆಯುವಾಗ ಹೆಚ್ಚುವುದು. ಎರಡರಲ್ಲಿಯೂ ಎಣ್ಣೆಯ ಒತ್ತಡ ಇಳಿದಿರುವುದು ಸಾಮಾನ್ಯ ಲಕ್ಷಣ.

ಪರೀಕ್ಷೆಯ ಕ್ರಮ

ಬಡಿತ ಕೇಳಿದೊಡನೆ ಮಾಡತಕ್ಕ ಮೊದಲ ಕೆಲಸವು ಎಣ್ಣೆಯ ಒತ್ತಡದ ಗೇಜನ್ನು ಅಥವಾ ಕೆಂಪು ದೀಪವನ್ನು ನೋಡುವುದು. ಗೇಜು ಇಳಿದಿದ್ದು ಅಥವಾ ದೀಪ ಹೊತ್ತಿದ್ದು ಬಡಿತ ಗಡಸಾಗಿದ್ದರೆ ಆ ಕ್ಷಣವೇ ನಿಲ್ಲಿಸತಕ್ಕದ್ದು. ಪರೀಕ್ಷೆಗೆಂದು ಮತ್ತೆ ಚಾಲೂ ಮಾಡಕೂಡದು. ಮುಂದೆ ಹೇಳುವ ಓಡಿಸಿ ನೋಡುವ ಪರೀಕ್ಷೆಗಳೆಲ್ಲ ಒತ್ತಡ ಸರಿಯಾಗಿದ್ದಾಗ ಮಾತ್ರ ಸಲ್ಲುವುವು.

ನಿಲ್ಲಿಸಿ ಕೆಲವು ನಿಮಿಷಗಳಾದ ಮೇಲೆ ಅಳತೆಯ ಕಡ್ಡಿಯನ್ನು ತೆಗೆದು ಎಣ್ಣೆಯನ್ನು ನೋಡಬೇಕು. ಮಟ್ಟ ಕಡಮೆಯಾಗಿದ್ದರೆ ಕಾರಣ ಅರ್ಧ ತಿಳಿದಂತಾಯಿತು. ಮಟ್ಟವು ಮೊದಲಿಗಿಂತ ಹೆಚ್ಚಾಗಿದ್ದರೆ ಸಂತೋಷಪಡತಕ್ಕದ್ದಲ್ಲ; ಡೀಸೆಲ್ಲೋ ನೀರೋ ಅದರಲ್ಲಿ ಸೇರಿದೆಯೆಂದು ಅರ್ಥ. ಡೀಸೆಲ್ಲಾದರೆ ವಾಸನೆಯಿಂದ ತಿಳಿಯುವುದು, ಎಣ್ಣೆ ನೀರಾಗಿರುವುದು; ನೀರು ಸೇರಿದ್ದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುವುದು. ಸಂಪಿನ ತಿರುಪನ್ನು ಬಿಚ್ಚಿ ಸ್ವಲ್ಪ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹರಿಸಿ ಬಿಸಿಲಿಗೆ ಹಿಡಿದರೆ, ಬೇರಿಂಗು ಹೋಗಿರುವ ಪಕ್ಷದಲ್ಲಿ ಬೆಳ್ಳಿಯ ರಜದಂತೆ ಅಥವಾ ತಾಮ್ರದ ಬಣ್ಣದ ಚೂರುಗಳಾಗಿ ಲೋಹವು ಹೊಳೆಯುವುದು. ಆಯಸ್ಕಾಂತವನ್ನು ಹಿಡಿದು ನೋಡಿ. ಅಂಟಿದರೆ ಅದು ಕಬ್ಬಿಣದ ಚೂರು, ಬೇರಿಂಗಿನ ಲೋಹವಲ್ಲ.

ಒತ್ತಡ ಸರಿಯಾಗಿದ್ದರೆ ಓಡಿಸಿ ಕೇಳಬಹುದು. ಒಂದು ಮೊಳದಷ್ಟು ಉದ್ದದ ಗಟ್ಟಿಯಾದ ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ತಾಗಿಸಿ ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಹಿಡಿದರೆ, ವೈದ್ಯರು ಎದೆಯನ್ನು ಪರೀಕ್ಷಿಸಿದಂತೆ, ಸದ್ದು ಎಲ್ಲಿ ಗಟ್ಟಿಯಾಗಿದೆಯೆಂದು ತಿಳಿಯುವುದು. ಪಂಚೆ, ಶಲ್ಯ, ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಂಡು ಬೆಲ್ಟು ಫ್ಯಾನುಗಳಿಂದ ದೂರವಿದ್ದು ಇದನ್ನು ಮಾಡತಕ್ಕದ್ದು. ಮತ್ತೂ ಒಂದು ಎಚ್ಚರಿಕೆ: ಬಾಗಿಲು ಮುಚ್ಚಿದ ಪಂಪಿನ ಮನೆಯಲ್ಲಿಯಾಗಲಿ, ಎಂಜಿನ್ನನ್ನಿಳಿಸಿರುವ ಬಾವಿಯ ಒಳಗಾಗಲಿ ಓಡುತ್ತಿರುವ ಎಂಜಿನ್ನಿನ ಬಳಿ ಕುಳಿತು ಕೇಳಕೂಡದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರಿಂದ ಬಾವಿಯೊಳಗೆ ಮೂರ್ಛೆಹೋದವನನ್ನು ಎತ್ತಲು ಇಳಿದವನೂ ಮೇಲೆ ಬಾರದಿರುವುದುಂಟು.

ಪೆಟ್ಟುಗಳ ಎಣಿಕೆಯು ಮುಂದಿನ ಪರೀಕ್ಷೆ. ವಾಲ್ವುಗಳನ್ನು ಎಬ್ಬಿಸುವ ಕ್ಯಾಮಿನ ದಂಡವು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದು. ಆದುದರಿಂದ ಒಂದು ಟ್ಯಾಪೆಟ್ಟಿನ ಸದ್ದೂ ಒಂದು ಸಿಲಿಂಡರಿನ ದಹನದ ಸದ್ದೂ ಎರಡು ಸುತ್ತಿಗೆ ಒಂದು ಸಾರಿ ಬರುವುವು. ಫ್ಲೈವೀಲು ಮುಂತಾದವುಗಳ ಸಡಿಲು ಸುತ್ತಿಗೊಮ್ಮೆ ಬಡಿಯಬಹುದು. ದೊಡ್ಡ ಗಾಲಿಯ ಎಂಜಿನ್ನಾದರೆ ಗಾಲಿಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಡೀಸೆಲನ್ನು ನಿಲ್ಲಿಸಿ, ಗಾಲಿ ನಿಧಾನವಾಗುತ್ತಿರುವಾಗ ಎಣಿಸಿದರೆ ಇದು ಸುಲಭ. ಡೀಸೆಲನ್ನು ನಿಲ್ಲಿಸಿದ ಕೂಡಲೆ ಬಡಿತವೂ ಪೂರ್ತಿಯಾಗಿ ನಿಂತು ಗಾಲಿ ಮಾತ್ರ ಮೌನವಾಗಿ ತಿರುಗುತ್ತಿದ್ದರೆ, ಅದು ದಹನದ ಬಡಿತವಾಗಿರುವ ಸಂಭವವೇ ಹೆಚ್ಚು.

ಹಲವು ಸಿಲಿಂಡರುಗಳ ಎಂಜಿನ್ನಿನಲ್ಲಿ ಒಂದೊಂದನ್ನಾಗಿ ತಡೆದು ನೋಡುವುದು ಎಲ್ಲಕ್ಕಿಂತಲೂ ಪ್ರಯೋಜನಕರವಾದ ಪರೀಕ್ಷೆ. ಹಳೆಯ ಬಗೆಯ ಪಂಪಿರುವ ಟ್ರ್ಯಾಕ್ಟರಿನಲ್ಲಿ ನಾಜಲಿಗೆ ಹೋಗುವ ಕೊಳವೆಯ ನಟ್ಟನ್ನು, ಸುತ್ತಲೂ ಬಟ್ಟೆಯಿಟ್ಟು, ಅರ್ಧ ಸುತ್ತು ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ಲು ಹೋಗದು. ಹಾಗೆ ಮಾಡಿದಾಗ ಬಡಿತ ತಗ್ಗಿದರೆ ದೋಷವು ಆ ಸಿಲಿಂಡರಿನಲ್ಲಿದೆ. ಯಾವುದನ್ನು ತಡೆದರೂ ವ್ಯತ್ಯಾಸ ಕಾಣದಿದ್ದರೆ ಮೇನ್ ಬೇರಿಂಗು, ಫ್ಲೈವೀಲು ಅಥವಾ ಹೊರಗಿನ ಯಾವುದಾದರೂ ಭಾಗವನ್ನು ಶಂಕಿಸಬೇಕು. ಸಿಲಿಂಡರು ಯಾವುದೆಂದು ಗೊತ್ತಾದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ಅದರ ನಾಜಲನ್ನು ಪಕ್ಕದ ಸಿಲಿಂಡರಿನದರೊಡನೆ ಅದಲುಬದಲು ಮಾಡಿ ಮತ್ತೆ ಓಡಿಸತಕ್ಕದ್ದು. ಬಡಿತವೂ ನಾಜಲಿನ ಸಂಗಡ ಪಕ್ಕದ ಸಿಲಿಂಡರಿಗೆ ಹೋದರೆ ದೋಷ ನಾಜಲಿನದು. ಇದ್ದಲ್ಲಿಯೇ ಉಳಿದರೆ ಪಿಸ್ಟನ್ನು, ಪಿನ್ನು, ಬೇರಿಂಗುಗಳಲ್ಲಿ ಒಂದರದು. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದೆ ಸಂಪನ್ನು ಬಿಚ್ಚಲು ಹೊರಡುವ ಮೆಕ್ಯಾನಿಕ್ಕನನ್ನು ಒಡೆಯನು ಸಂಕೋಚವಿಲ್ಲದೆ ತಡೆಯಬಹುದು.

ಈ ಪರೀಕ್ಷೆಯನ್ನು ಕಾಮನ್ ರೈಲ್ ಎಂಬ ಹೊಸ ಬಗೆಯ ಎಂಜಿನ್ನಿನಲ್ಲಿ ಎಂದಿಗೂ ಮಾಡಕೂಡದು. ೨೦೨೩ರ ಜನವರಿಯಿಂದ ೫೦ ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದುದರಿಂದ ಅವುಗಳಲ್ಲಿ ಹಲವು ಈ ಬಗೆಯವಾಗಿವೆ. ಡೀಸೆಲ್ ಕಾರುಗಳೂ ಇದೇ ಬಗೆಯವು. ಅವುಗಳ ಕೊಳವೆಗಳಲ್ಲಿ ಚದರ ಸೆಂಟಿಮೀಟರಿಗೆ ಸಾವಿರ ಕಿಲೋಗ್ರಾಮಿಗೂ ಮೀರಿದ ಒತ್ತಡವಿರಬಹುದು. ಹೊರಚಿಮ್ಮಿದ ಎಳೆಯು ಸೂಜಿಯಂತೆ ಚರ್ಮವನ್ನು ತೂರಿ ಒಳಗಿನ ಮಾಂಸವನ್ನು ಕೊಳೆಯಿಸುವುದು. ಹಳೆಯ ಬಗೆಯ ನಾಜಲಿನ ತುಂತುರಿಗೂ ಈ ಶಕ್ತಿಯುಂಟು. ಅಂಥ ಗಾಯವು ಇರುವೆ ಕಚ್ಚಿದಷ್ಟು ಸಣ್ಣದಾಗಿ ಕಂಡರೂ, ನೋವಿಲ್ಲದಿದ್ದರೂ, ಅದೇ ಗಂಟೆಯಲ್ಲಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗತಕ್ಕದ್ದು. ಹೊಸ ಬಗೆಯ ವಾಹನಗಳಲ್ಲಿ ಸಿಲಿಂಡರನ್ನು ತಡೆಯುವ ಕೆಲಸವನ್ನು ವರ್ಕ್‌ಷಾಪಿನ ಗಣಕ ಯಂತ್ರದಿಂದಲೇ ಮಾಡಿಸಬೇಕು.

ಹೊರಗಿನ ಭಾಗಗಳನ್ನು ಮರೆಯಕೂಡದು. ಬೆಲ್ಟನ್ನು ಕಳಚಿ ಒಂದು ನಿಮಿಷಕ್ಕೆ ಮೀರದಂತೆ ಓಡಿಸಿದಾಗ ಸದ್ದು ನಿಂತುಹೋದರೆ, ಅದು ನೀರಿನ ಪಂಪಿನದು ಅಥವಾ ಡೈನಮೊವಿನದು. ಎಂಜಿನ್ನನ್ನು ಹೊತ್ತಿರುವ ರಬ್ಬರು ಹರಿದಿದ್ದರೂ, ತಳದ ಬೋಲ್ಟು ಸಡಿಲವಾಗಿದ್ದರೂ ಬೇರಿಂಗಿನದರಂತೆಯೇ ಬಡಿತ ಕೇಳುವುದು.

ಲಿಸ್ಟರ್ ಮಾದರಿಯ ಎಂಜಿನ್ನುಗಳು

ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯು ತಯಾರಿಸಿದ, ಎರಡು ಭಾರಿ ಗಾಲಿಗಳ ನಿಧಾನ ನಡೆಯ ಎಂಜಿನ್ನಿನ ಮಾದರಿಯಲ್ಲಿಯೇ ಗುಜರಾತಿನ ರಾಜಕೋಟೆಯಲ್ಲಿ ಅಸಂಖ್ಯಾತ ಎಂಜಿನ್ನುಗಳು ತಯಾರಾಗಿ ದೇಶದ ಬಾವಿಗಳಿಗೂ ಹಿಟ್ಟಿನ ಗಿರಣಿಗಳಿಗೂ ಬಂದಿವೆ. ವಿದ್ಯುತ್ತು ಬಂದ ಮೇಲೆ ಇವುಗಳ ಸಂಖ್ಯೆ ತಗ್ಗಿದ್ದರೂ ಹಲವೆಡೆ ಇನ್ನೂ ದುಡಿಯುತ್ತಿರುವುದರಿಂದ ಇವುಗಳ ವಿಶೇಷ ಲಕ್ಷಣಗಳನ್ನು ಪ್ರತ್ಯೇಕವಾಗಿ ಹೇಳತಕ್ಕದ್ದಾಗಿದೆ.

ಈ ಎಂಜಿನ್ನಿನ ಗಾಲಿಗಳನ್ನು ಕ್ರ್ಯಾಂಕಿನ ದಂಡಕ್ಕೆ ಬಿಗಿದಿರುವುದು ಒಂದೊಂದು ಉಕ್ಕಿನ ಬೆಣೆ. ಈ ಬೆಣೆಯು ಸ್ವಲ್ಪ ಸಡಿಲವಾದರೂ ಗಾಲಿಯು ಪ್ರತಿ ಉರಿತಕ್ಕೂ ದಂಡದ ಮೇಲೆ ಮಿಸುಕಿ, ಬಿಗ್ ಎಂಡ್ ಬೇರಿಂಗು ಹೋದಂತೆಯೇ ಗಡಸಾಗಿ ಬಡಿಯುವುದು. ಎಷ್ಟೋ ಕಡೆ ಬೇರಿಂಗನ್ನು ಬದಲಾಯಿಸಿದ ಮೇಲೂ ಬಡಿತ ನಿಲ್ಲದೆ ಒಡೆಯನು ತಬ್ಬಿಬ್ಬಾಗುವುದು ಇದರಿಂದಲೇ. ಆದುದರಿಂದ ಮೊದಲು ಎಂಜಿನ್ನನ್ನು ನಿಲ್ಲಿಸಿ, ಬೆಣೆಯ ತಲೆಯ ಮೇಲೆಯೂ ಅದರ ಪಕ್ಕದ ಗಾಲಿಯ ಗುಂಭದ ಮೇಲೆಯೂ ಬೆರಳನ್ನಿಟ್ಟುಕೊಂಡು ಮತ್ತೊಬ್ಬರಿಂದ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ಮಿಸುಕಾಟ ಬೆರಳಿಗೆ ತಿಳಿದರೆ, ಅಥವಾ ಬೆಣೆಯ ಬಳಿ ತುಕ್ಕಿನ ಬಣ್ಣದ ಹುಡಿ ಕಂಡರೆ, ಬೆಣೆಯನ್ನು ತೆಗೆದು ಒರಸಿ ಸರಿಯಾಗಿ ಕೂರುವಂತೆ ಹೊಡೆಯತಕ್ಕದ್ದು. ಸವೆದಿದ್ದರೆ ಹೊಸದನ್ನು ಹಾಕತಕ್ಕದ್ದು. ಗಾಲಿಯು ದಂಡದಿಂದ ಕಳಚಿಕೊಂಡರೆ ಪ್ರಾಣಾಪಾಯವಾದೀತಾದುದರಿಂದ ಸಡಿಲವಾದ ಬೆಣೆಯೊಡನೆ ಒಂದು ಗಳಿಗೆಯೂ ಓಡಿಸಕೂಡದು.

ಬೆಣೆ ಸರಿಯಾಗಿದ್ದರೆ ಪಕ್ಕದ ಬಾಗಿಲನ್ನು ಬಿಚ್ಚಿ, ಪಿಸ್ಟನ್ನು ಮೇಲುತುದಿಯಿಂದ ಸ್ವಲ್ಪ ಇಳಿದ ಕಡೆ ಗಾಲಿಯನ್ನು ಅಲುಗದಂತೆ ಹಿಡಿಸಿ, ಕೂಡುದಂಡವನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಎತ್ತಿ ಇಳಿಸಿ ನೋಡಬೇಕು. ಪಕ್ಕಕ್ಕೆ ಸ್ವಲ್ಪ ಜರುಗುವುದು ಸಹಜ. ಮೇಲೆ ಕೆಳಗೆ ಟಕ್ಕೆಂದರೆ ಬೇರಿಂಗು ಹೋಗಿದೆ. ಈ ಎಂಜಿನ್ನಿನಲ್ಲಿ ದಂಡದ ತುದಿಯ ಸೌಟಿನಂತಹ ತುಂಡೊಂದು ಎಣ್ಣೆಯನ್ನು ಎರಚುವುದರಿಂದ, ಆ ತುಂಡು ಮುರಿದಿದೆಯೇ, ಎಣ್ಣೆಯ ಮಟ್ಟ ಅದಕ್ಕೆ ಎಟಕುವಷ್ಟಿದೆಯೇ ಎಂಬುದನ್ನೂ ನೋಡತಕ್ಕದ್ದು. ಮಸಿಯು ಗಟ್ಟಿಯಾಗಿ ಕಟ್ಟಿಯೋ, ತೆಳುವಾದ ಗ್ಯಾಸ್ಕೆಟ್ಟನ್ನು ಹಾಕಿಯೋ ಪಿಸ್ಟನ್ನಿನ ತಲೆ ಹೆಡ್ಡಿಗೆ ತಾಗುತ್ತಿರುವುದೂ ಉಂಟು. ಹೆಡ್ಡನ್ನು ತೆಗೆದು ಪಿಸ್ಟನ್ನಿನ ಮೇಲೆ ಮೆತುವಾದ ಸೀಸದ ತಂತಿಯನ್ನಿಟ್ಟು, ಹೆಡ್ಡನ್ನು ಬಿಗಿದು ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆದರೆ ಅಲ್ಲಿರುವ ಸಂದು ಎಷ್ಟೆಂದು ತಿಳಿಯುವುದು.

ದುರಸ್ತಿ

ನಾಜಲನ್ನು ಪರೀಕ್ಷೆಯ ಪಂಪಿಗೆ ಹಾಕಿಸಿ ಒತ್ತಡವನ್ನೂ ತುಂತುರನ್ನೂ ಸರಿಪಡಿಸಿದರೆ ಆ ಬಗೆಯ ಬಡಿತ ಅಂದಿಗೇ ತೀರುವುದು. ಬೇರಿಂಗಿನ ಕೆಲಸದಲ್ಲಿ ಮಾತ್ರ ಒಡೆಯನು ಎದುರಿಗಿದ್ದು ನೋಡಬೇಕಾದ ಕೆಲವು ಅಂಶಗಳಿವೆ. ಕ್ರ್ಯಾಂಕಿನ ಪಿನ್ನನ್ನು ಮೈಕ್ರೋಮೀಟರಿನಿಂದ ಎರಡು ಮೂರು ದಿಕ್ಕುಗಳಲ್ಲಿ ಅಳೆಯದೆ ಹೊಸ ಬೇರಿಂಗನ್ನು ಹಾಕಕೂಡದು. ಪಿನ್ನು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬೇರಿಂಗು ಕೆಲವೇ ದಿನಗಳಲ್ಲಿ ಹೋಗುವುದು. ಸವೆದಿದ್ದರೆ ಸಾಮಾನ್ಯವಾಗಿ ೦.೨೫ ಅಥವಾ ೦.೫೦ ಮಿಲಿಮೀಟರು ಕಡಮೆಯಾಗುವಂತೆ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ದಪ್ಪದ ಬೇರಿಂಗನ್ನು ತರಬೇಕು. ಬೇರಿಂಗಿನ ಬೆನ್ನಿಗೆ ಕಾಗದವನ್ನೋ ತಗಡನ್ನೋ ಇಟ್ಟು, ಅಥವಾ ಟೋಪಿಯನ್ನು ಅರದಿಂದ ಉಜ್ಜಿ ಬಿಗಿ ಮಾಡಿಕೊಡುತ್ತೇ���ೆನ್ನುವವರ ಮಾತಿಗೆ ಒಪ್ಪಕೂಡದು. ಬಡಿತ ಒಂದು ವಾರ ಅಡಗುವುದು, ಆಮೇಲೆ ಕ್ರ್ಯಾಂಕೇ ಹೋಗುವುದು. ಪ್ರತಿಯೊಂದು ದಂಡಕ್ಕೂ ಅದರದೇ ಟೋಪಿಯನ್ನು ಮೊದಲಿದ್ದ ಮುಖಕ್ಕೇ ಹಾಕಬೇಕು, ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು. ಗ್ರೈಂಡ್ ಮಾಡಿದ ಕ್ರ್ಯಾಂಕಿನ ಎಣ್ಣೆಯ ರಂಧ್ರಗಳನ್ನು ತಂತಿಯಿಂದಲೂ ಗಾಳಿಯಿಂದಲೂ ಶುದ್ಧಿಮಾಡಿಸುವುದನ್ನು ಮರೆತರೆ ಅಲ್ಲಿ ಉಳಿದ ಅರದ ಹುಡಿಯೇ ಹೊಸ ಬೇರಿಂಗನ್ನು ತಿನ್ನುವುದು.

ಬೇರಿಂಗು ಏಕೆ ಹೋಯಿತೆಂಬುದನ್ನು ಕೇಳದೆ ಎಂಜಿನ್ನನ್ನು ಮುಚ್ಚಿಸಕೂಡದು. ಎಣ್ಣೆಯ ಪಂಪು ಸವೆದಿರಬಹುದು, ಜಾಲರಿ ಕಟ್ಟಿಕೊಂಡಿರಬಹುದು, ನಾಜಲು ತೊಟ್ಟಿಕ್ಕಿ ಡೀಸೆಲ್ಲು ಎಣ್ಣೆಗೆ ಇಳಿದಿರಬಹುದು. ನನ್ನ ಅಭಿಪ್ರಾಯದಲ್ಲಿ ನಮ್ಮ ಒಣಸೀಮೆಯಲ್ಲಿ ಅತಿಯಾಗಿ ಅಲಕ್ಷ್ಯಕ್ಕೆ ಒಳಗಾಗಿರುವುದು ಗಾಳಿ ಸೋಸುವ ಪಾತ್ರೆ. ರಾಗಿಯ ಒಕ್ಕಣೆಯ ಕಾಲದಲ್ಲಿಯೂ ಬೇಸಗೆಯ ಉಳುಮೆಯಲ್ಲಿಯೂ ಅದರೊಳಗಿನ ಎಣ್ಣೆಯನ್ನು ದಿನವೂ ನೋಡಿ, ಕೆಸರಾಗಿದ್ದರೆ ಬದಲಾಯಿಸದಿದ್ದಲ್ಲಿ ಧೂಳು ನೇರವಾಗಿ ಸಿಲಿಂಡರಿಗೂ ಅಲ್ಲಿಂದ ಎಣ್ಣೆಗೂ ಸೇರಿ ಸಾಣೆಯ ಕಲ್ಲಿನ ಕೆಲಸ ಮಾಡುವುದು.

ಹಳೆಯ ಟ್ರ್ಯಾಕ್ಟರನ್ನು ಕೊಳ್ಳುವವರಿಗೆ ಇಲ್ಲಿಯೇ ಒಂದು ಮಾತು. ಮಾರುವವರಲ್ಲಿ ಕೆಲವರು ಗಟ್ಟಿಯಾದ ಎಣ್ಣೆಯನ್ನು ತುಂಬಿ ಬೇರಿಂಗಿನ ಬಡಿತವನ್ನು ಮರೆಸುವರು. ಕೊಳ್ಳುವವನು ಬರುವ ಮುಂಚೆಯೇ ಓಡಿಸಿಟ್ಟು ಪಿಸ್ಟನ್ನಿನ ಬಡಿತವನ್ನು ಅಡಗಿಸುವರು. ಹೋದೊಡನೆ ರೇಡಿಯೇಟರಿನ ಹೊರಮೈಯನ್ನು ಕೈಯಿಂದ ಮೆಲ್ಲನೆ ಮುಟ್ಟಿ ನೋಡಿ. ಅದು ಬೆಚ್ಚಗಿದ್ದರೆ ಮರುದಿನ ಬೆಳಗ್ಗೆ ಬರುತ್ತೇನೆಂದು ಹೇಳಿ ಹಿಂದಿರುಗಿ, ತಣ್ಣಗಿರುವಾಗ ಒಮ್ಮೆಯೂ, ಒಂದು ಗಂಟೆ ಉತ್ತು ಎಣ್ಣೆ ಕಾದು ತೆಳುವಾದ ಮೇಲೆ ಇನ್ನೊಮ್ಮೆಯೂ ಕೇಳತಕ್ಕದ್ದು.

ದುರಸ್ತಿಯಾದ ಎಂಜಿನ್ನನ್ನು ಮೊದಲ ಸಾರಿ ಚಾಲೂ ಮಾಡುವಾಗ ಡೀಸೆಲನ್ನು ತಡೆದು, ಗೇಜಿನಲ್ಲಿ ಎಣ್ಣೆಯ ಒತ್ತಡ ಕಾಣುವವರೆಗೆ ಬರಿದೇ ತಿರುಗಿಸಬೇಕು. ಮೊದಲ ಕೆಲವು ದಿನ ಭಾರವಾದ ಉಳುಮೆಗೆ ಹೂಡದೆ ಹಗುರವಾದ ಕೆಲಸವನ್ನು ಮಾತ್ರ ಕೊಟ್ಟು, ಸುಮಾರು ೫೦ ಗಂಟೆಗಳಾದ ಮೇಲೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ, ಟ್ಯಾಪೆಟ್ಟಿನ ಸಂದನ್ನು ಮತ್ತೊಮ್ಮೆ ಅಳೆದು ನೋಡತಕ್ಕದ್ದು. ಇಳಿಸಿದ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಸೋಸಿದಾಗ ಮೊದಲ ಸಾರಿ ಒಂದಿಷ್ಟು ನುಣ್ಣನೆಯ ಹುಡಿ ಕಂಡರೆ ಅದು ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಂಡುದರಿಂದ ಬಂದುದು; ಹೊಳೆಯುವ ಚಕ್ಕೆಗಳಿದ್ದರೆ ಮಾತ್ರ ಸಂಪನ್ನು ಮತ್ತೆ ಬಿಚ್ಚಿಸಬೇಕು. ಆ ಹಳೆಯ ಎಣ್ಣೆಯನ್ನು ಕಾಲುವೆಗಾಗಲಿ ಬಾವಿಯ ದಡಕ್ಕಾಗಲಿ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ಕೊಡತಕ್ಕದ್ದು.